ಮಗನ ಪರದೆಯ ಮೇಲಿನ ಕಡಲು

ಸಹೋದರಿ, ಮಗ ಸದಾ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾನೆ ಎಂಬ ದೂರು ನಿಮ್ಮ ಮನೆಯಲ್ಲೂ ಇರಬಹುದು. ಅವನೇನು ಮಾಡುತ್ತಿದ್ದಾನೆಂದು ಒಮ್ಮೆಯಾದರೂ ಬಳಿ ಕುಳಿತು ನೋಡಿದ್ದೀರಾ?

ಕಾಪುವಿನ ಒಬ್ಬ ತಾಯಿ ಹಾಗೆ ಕುಳಿತರು. ಮಣಿಪಾಲದಲ್ಲಿ ಕಲಿಯುವ ಮಗ ‘ಸೈಲೆಂಟ್ ಹಂಟರ್ 3’ ಎಂಬ ಆಟವನ್ನು ತಿದ್ದುತ್ತಿದ್ದ. 2005ರಲ್ಲಿ ಹೊರಬಂದ ಈ ಆಟ ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳದ್ದು. ಆಸಕ್ತರು ಅದರ ಕಡತಗಳನ್ನು ತಾವೇ ಬದಲಿಸಿ ಆಡುತ್ತಾರೆ. ಮಗ ನೀರೊಳಗಿನ ಮಬ್ಬನ್ನೆಲ್ಲ ತೆಗೆದುಹಾಕಿದ್ದ. ಕಡಲು ಗಾಜಿನಂತಿತ್ತು.

“ಇದು ಯಾವ ಊರಿನ ಕಡಲು ಮಗಾ? ಮಳೆಗಾಲದಲ್ಲಿ ಇಲ್ಲಿ ಮೊಣಕಾಲುದ್ದ ನೀರಿಗಿಳಿದರೆ ನಮ್ಮ ಪಾದ ನಮಗೇ ಕಾಣುವುದಿಲ್ಲ” ಎಂದರು ತಾಯಿ.

ಅವರ ಮಾತಿನಲ್ಲಿ ವಿಜ್ಞಾನವಿತ್ತು. ಕಾರ್ಕಳದ ಕಡೆಯಿಂದ ಇಳಿದು ಬರುವ ಸುವರ್ಣಾ ನದಿ ಮಳೆಗಾಲದಲ್ಲಿ ಕೆಂಪು ಮಣ್ಣನ್ನು ಕಡಲಿಗೆ ತರುತ್ತದೆ. ಆ ಕಣಗಳು ಬೆಳಕನ್ನು ಚದುರಿಸುತ್ತವೆ. ತಿಳಿನೀರಿನಲ್ಲೂ ಮೊದಲು ಕೆಂಪು ಬಣ್ಣ ಮಾಯವಾಗುತ್ತದೆ, ನೀಲಿ ಮಾತ್ರ ಆಳಕ್ಕಿಳಿಯುತ್ತದೆ. 200 ಮೀಟರ್ ದಾಟಿದರೆ ಉಳಿಯುವುದು ಮಂಕು ಬೆಳಕು, 1000 ಮೀಟರಿನ ಕೆಳಗೆ ಪೂರ್ಣ ಕತ್ತಲೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬೆಳಕು ನೀರಿನ ಮೇಲೆ ಬಹುದೂರ ಕಂಡರೂ ನೀರೊಳಗೆ ಅದರ ಆಟ ನಡೆಯದು.

ಆಟದಲ್ಲಿ ಈ ಮಬ್ಬನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಮಬ್ಬಿನ ಬಣ್ಣ ಮತ್ತು ಎಷ್ಟು ದೂರದಲ್ಲಿ ವಸ್ತುಗಳು ಆ ಬಣ್ಣದಲ್ಲಿ ಕರಗಬೇಕೆಂಬ ಅಂತರ. ಅಂತರ ಹೆಚ್ಚಿಸಿದರೆ ಕಂಪ್ಯೂಟರಿಗೆ ಹೊರೆ, ಕಡಲೂ ಕೃತಕವಾಗಿ ಕಾಣುತ್ತದೆ. ಮೂಲ ಕಡತದ ಪ್ರತಿ ತೆಗೆದಿಟ್ಟು, ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡುವುದು ಸರಿಯಾದ ಕ್ರಮ. ತಾಯಿಯ ಮಾತಿನಂತೆ ಮಗ ಅಂತರ ತಗ್ಗಿಸಿದ, ನೀಲಿಯ ಬದಲು ಹಸಿರು ಬೆರೆತ ಕಂದು ಹಾಕಿದ. “ಈಗ ಏನೂ ಕಾಣುವುದಿಲ್ಲ ಉಮ್ಮಾ” ಎಂದ.

ನಿಜವಾದ ಜಲಾಂತರ್ಗಾಮಿಯ ಸ್ಥಿತಿಯೂ ಅದೇ. ಅದಕ್ಕೆ ಕಿಟಕಿಯಿಲ್ಲ. ಆಳದಲ್ಲಿ ಅದು ಶಬ್ದವನ್ನು ಆಲಿಸಿಯೇ ಸುತ್ತಲಿನ ಹಡಗುಗಳನ್ನು ತಿಳಿಯುತ್ತದೆ. ಮಲ್ಪೆಯಿಂದ 2018ರ ಡಿಸೆಂಬರಿನಲ್ಲಿ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾದದ್ದು ನಿಮಗೆ ನೆನಪಿರಬಹುದು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ್ ಸಮೀಪ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆಹಚ್ಚಿತು. ಅಷ್ಟು ತಿಂಗಳು ಆ ಮನೆಗಳ ತಾಯಂದಿರು, ಮಡದಿಯರು ಕಡಲನ್ನೇ ನೋಡುತ್ತಿದ್ದರು. ಕಡಲು ಏನನ್ನೂ ತೋರಿಸಲಿಲ್ಲ.

ಇದನ್ನು ತಾಯಿ ನೆನಪಿಸಿದಾಗ ಹುಡುಗ ಮೌನವಾದ. ಆ ಯುದ್ಧದಲ್ಲಿ ಮುಳುಗಿದ ಬ್ರಿಟಿಷ್ ಸರಕು ಹಡಗುಗಳಲ್ಲೂ ನಮ್ಮ ಉಪಖಂಡದ ಬಡ ಖಲಾಸಿಗಳಿದ್ದರು. ಅವರಲ್ಲಿ ಸಿಲ್ಹೆಟ್‌ನ ಮುಸ್ಲಿಮರು ಬಹಳ. ಹಡಗು ಮುಳುಗಿಸಿ ಗೆಲ್ಲುವ ಹುಡುಗನಿಗೆ ಇದು ತಿಳಿದಿರಬೇಡವೇ?

ಆಳಗಡಲಿನ ಪದರ ಪದರವಾದ ಕತ್ತಲೆಯ ಉಪಮೆ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 40ನೇ ಸೂಕ್ತದಲ್ಲಿದೆ. ಅಂದು ಮಗ್ರಿಬ್ ನಮಾಝಿನ ಬಳಿಕ ತಾಯಿ-ಮಗ ಅದರ ಅರ್ಥವನ್ನು ಜೊತೆಗೇ ಓದಿದರು.

ಸಹೋದರಿ, ಆಟಕ್ಕೆ ಸಮಯದ ಮಿತಿ ಖಂಡಿತ ಬೇಕು. ನಮಾಝಿನ ವೇಳೆಗೆ ಪರದೆ ಆರಲೇಬೇಕು. ಆದರೆ ಗದರಿಸುವ ಮುನ್ನ ಒಂದು ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕುಳಿತುಕೊಳ್ಳಿ. ನಿಮಗೆ ಗೊತ್ತಿರುವ ಕಡಲು ಅವನಿಗಿನ್ನೂ ಗೊತ್ತಿಲ್ಲ.