ಸಂತೆಯ ಚೀಲದಿಂದ ನೀರೊಲೆಯವರೆಗೆ

ಆಯುರ್ವೇದವು ಒಬ್ಬೊಬ್ಬ ರೋಗಿಯ ದೇಹವನ್ನು ಕುರಿತು ಮಾತ್ರ ಚಿಂತಿಸುವ ಶಾಸ್ತ್ರವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ‘ಜನಪದೋದ್ಧ್ವಂಸ’ವನ್ನು, ಅಂದರೆ ಇಡೀ ನಾಡನ್ನೇ ಬಾಧಿಸುವ ರೋಗಗಳನ್ನು ಕುರಿತದ್ದು. ಬೇರೆ ಬೇರೆ ಪ್ರಕೃತಿ, ಆಹಾರ ಹಾಗೂ ವಯಸ್ಸಿನ ಜನರು ಏಕಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಲಾಗಿದೆ. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದವು. ಅವು ಕೆಟ್ಟರೆ ಎಲ್ಲರ ಆರೋಗ್ಯವೂ ಕೆಡುತ್ತದೆ ಎಂಬುದು ಅಲ್ಲಿಯ ಉತ್ತರ. ಅವು ಕೆಡುವುದಕ್ಕೆ ಮೂಲವಾಗಿ ಹೇಳಿರುವುದು ಪ್ರಜ್ಞಾಪರಾಧವನ್ನು. ಬುದ್ಧಿ, ಸಂಯಮ, ಸ್ಮರಣೆಗಳು ತಪ್ಪಿದಾಗ ಮನುಷ್ಯನು ಮಾಡುವ ಅಹಿತ ಕಾರ್ಯವೇ ಪ್ರಜ್ಞಾಪರಾಧ.

ಪರಿಸರ ಎಂದೊಡನೆ ಕಾರ್ಖಾನೆಗಳ ಹೊಗೆ, ಮಹಾನಗರಗಳ ವಾಹನಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ನಾವು ದಿನನಿತ್ಯ ಏನನ್ನು ಕೊಂಡು ತರುತ್ತೇವೆ, ಅದನ್ನು ಹೇಗೆ ಬಳಸುತ್ತೇವೆ, ಉಳಿದದ್ದನ್ನು ಎಲ್ಲಿ ಹಾಕುತ್ತೇವೆ ಎಂಬುದರಲ್ಲಿಯೂ ಈ ನಾಲ್ಕರ ಹಿತಾಹಿತ ಅಡಗಿದೆ.

ನೀರೊಲೆಯ ಹೊಗೆ

ಹಳೆಯ ಕೆಮ್ಮು, ಉಬ್ಬಸವೆಂದು ಚಿಕಿತ್ಸೆಗೆ ಬರುವವರನ್ನು, ಅದರಲ್ಲಿಯೂ ತಾಯಂದಿರನ್ನು, ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಬಚ್ಚಲ ಒಲೆಗೆ ಏನು ಹಾಕುತ್ತೀರಮ್ಮ?” ಹೆಚ್ಚಿನವರ ಉತ್ತರ ಒಂದೇ: “ಸೌದೆಯೇ ಡಾಕ್ಟ್ರೇ, ಹೊತ್ತಿಸುವುದಕ್ಕೆ ಮಾತ್ರ ಒಂದೆರಡು ಕವರು.”

ಆ ಒಂದೆರಡು ಕವರುಗಳೇ ಸಾಕು. ಪ್ಲಾಸ್ಟಿಕ್ ಸಣ್ಣ ಬೆಂಕಿಯಲ್ಲಿ ಪೂರ್ಣವಾಗಿ ಉರಿಯುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅನಿಲವನ್ನೂ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಮಸಿಯನ್ನೂ ಹೊರಸೂಸುತ್ತದೆ. ಅದರೊಡನೆ ಪಿವಿಸಿ ಪೈಪಿನ ತುಂಡು, ಹಳೆಯ ವೈರು ಮುಂತಾದವು ಸೇರಿದರೆ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಇವು ಗಾಳಿಯಿಂದ ಮೇವಿನ ಮೇಲೆ ಬಿದ್ದು, ಮೇವಿನಿಂದ ಹಸುವಿನ ಕೊಬ್ಬನ್ನು ಸೇರಿ, ಹಾಲು ತುಪ್ಪಗಳ ಮೂಲಕ ಮರಳಿ ನಮ್ಮ ದೇಹಕ್ಕೇ ಬರುತ್ತವೆ. ನಮ್ಮ ಹಿರಿಯರು ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದರು, ಹಿತ್ತಲಿನ ಗಿಡಗಳಿಗೆ ಹಾಕುತ್ತಿದ್ದರು. ಪ್ಲಾಸ್ಟಿಕ್ ಬೆರೆತ ಬೂದಿ ಈ ಎರಡಕ್ಕೂ ಯೋಗ್ಯವಲ್ಲ. ಒಲೆ ಹೊತ್ತಿಸಲು ತೆಂಗಿನ ಗರಿ, ಒಣಗಿದ ಕರಟ, ಚಕ್ಕೆಗಳಿರಲಿ. ಎಳೆಯ ಮಕ್ಕಳಿರುವ ಮನೆಯಲ್ಲಿ ಈ ನಿಯಮವನ್ನು ಔಷಧದಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು.

ಬಿಸಿ ಆಹಾರ ಮತ್ತು ಪ್ಲಾಸ್ಟಿಕ್

ಹೋಟೆಲಿನಿಂದ ಸಾಂಬಾರು, ಚಹಾಗಳನ್ನು ತೆಳುವಾದ ಕವರಿನಲ್ಲಿ ಕಟ್ಟಿಸಿಕೊಂಡು ಬರುವುದು ಎಲ್ಲೆಡೆ ರೂಢಿಯಾಗಿದೆ. ಬಿಸಿ, ಹುಳಿ, ಜಿಡ್ಡು ಈ ಮೂರೂ ಸೇರಿದಾಗ ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಸಂಭವ ಹೆಚ್ಚು. ಕಾಗದದ ಲೋಟ ನಿರಪಾಯಕಾರಿ ಎಂಬ ನಂಬಿಕೆಯೂ ಸರಿಯಲ್ಲ. ಅದರ ಒಳಮೈಗೆ ಪ್ಲಾಸ್ಟಿಕ್ ಪದರವಿರುತ್ತದೆ. ಅಂತಹ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿ ದ್ರವವು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆಂದು ಖರಗಪುರದ ಐಐಟಿ ಸಂಶೋಧಕರು 2020ರಲ್ಲಿ ತಿಳಿಸಿದರು. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ಕಂಡುಬಂದು, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯು ಅದರ ವಿರುದ್ಧ ಕ್ರಮಕ್ಕೆ ಮುಂದಾಯಿತು. ಹೋಟೆಲಿಗೆ ಹೊರಟಾಗ ಸ್ಟೀಲಿನ ಡಬ್ಬಿಯೊಂದನ್ನು ಕೊಂಡೊಯ್ಯುವುದು ಈ ಎಲ್ಲಕ್ಕೂ ಸುಲಭ ಪರಿಹಾರ.

ಮದುವೆ, ಗೃಹಪ್ರವೇಶ, ಪುಣ್ಯಸ್ಮರಣೆಗಳ ದಾಸೋಹದಲ್ಲಿ ಬಾಳೆ ಎಲೆ, ಮುತ್ತುಗದ ಪತ್ರಾವಳಿ ಅಥವಾ ಅಡಿಕೆ ಹಾಳೆಯ ತಟ್ಟೆಗಳನ್ನು ಬಳಸಬೇಕು. ಬಾಳೆ ಎಲೆಯ ಚಿತ್ರ ಮುದ್ರಿಸಿ, ಮೇಲೆ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಎಲೆಗಳು ಈಗ ಮಾರುಕಟ್ಟೆಯಲ್ಲಿವೆ. ಅವುಗಳ ಹಸಿರು ಬಣ್ಣಕ್ಕೆ ಮರುಳಾಗಬಾರದು. ನೀರಿನ ಪುಟ್ಟ ಬಾಟಲಿಗಳಿಗಿಂತ ತಂಬಿಗೆ, ಲೋಟಗಳೇ ಲೇಸು. ತಾಮ್ರದ ಪಾತ್ರೆಯಲ್ಲಿ ನೀರನ್ನಷ್ಟೇ ಇಡಬೇಕು. ಮಜ್ಜಿಗೆ, ನಿಂಬೆಯ ಪಾನಕಗಳನ್ನು ಇಡಕೂಡದು.

ಕಟ್ಟಿ ಎಸೆದ ಗಂಟು

ಅಡುಗೆಮನೆಯ ಸಿಪ್ಪೆ, ಉಳಿದ ಅನ್ನಗಳನ್ನು ಕವರಿನಲ್ಲಿ ಗಂಟು ಹಾಕಿ ಬೀದಿಗೆ ಎಸೆಯುವುದು ಸ್ವಚ್ಛತೆಯೆಂದು ಹಲವರು ತಿಳಿದಿದ್ದಾರೆ. ಹಸುವಿಗೆ ಗಂಟು ಬಿಚ್ಚಲು ಬಾರದು. ಅದು ಕವರನ್ನೇ ನುಂಗುತ್ತದೆ. ಪ್ಲಾಸ್ಟಿಕ್ ಅದರ ಮೊದಲ ಹೊಟ್ಟೆಯಲ್ಲಿ ಜೀರ್ಣವಾಗದೆ, ಹೊರಗೂ ಹೋಗದೆ ವರ್ಷಗಟ್ಟಲೆ ಸೇರುತ್ತ ಹೋಗುತ್ತದೆ. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದ ಪ್ರಸಂಗಗಳಿವೆ. ಗೋವನ್ನು ಪೂಜಿಸುವ ಕೈಗಳು ಕವರಿಗೆ ಗಂಟು ಹಾಕಬಾರದು. ಹಸಿಕಸವನ್ನು ತಿಪ್ಪೆಗೋ ಗೊಬ್ಬರದ ಕುಂಡಕ್ಕೋ ಹಾಕಿದರೆ ಕೆಲವು ತಿಂಗಳಲ್ಲಿ ಉತ್ತಮ ಗೊಬ್ಬರವಾಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯದೆ, ಅಂಟಿಕೊಂಡಿರುವಂತೆಯೇ ಬಿಟ್ಟು, ತೊಳೆದು ಒಣಗಿಸಿ ಗುಜರಿಯವರಿಗೆ ಕೊಡಬಹುದು.

ಹರಿದು ಹೋಗುವ ನೀರು

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು ಎಲ್ಲರಿಗೂ ನೆನಪಿದೆ. ಆ ನೊರೆಯಲ್ಲಿ ಮನೆಮನೆಯ ಕೊಳಚೆ ನೀರಿನ ಡಿಟರ್ಜೆಂಟಿನ ಪಾಲೂ ಇತ್ತು. ನೊರೆ ಹೆಚ್ಚಾದಷ್ಟು ಬಟ್ಟೆ ಶುಭ್ರವಾಗುವುದೆಂಬುದು ಭ್ರಮೆ; ಪುಡಿಯನ್ನು ಅಳತೆ ಮೀರದೆ ಬಳಸಬೇಕು. ರೇಷ್ಮೆ, ಉಣ್ಣೆಯ ಬಟ್ಟೆಗಳಿಗೆ ಅಂಟುವಾಳಕಾಯಿ, ತಲೆಗೆ ಸೀಗೆಕಾಯಿ ಇಂದಿಗೂ ಸಮರ್ಥ. ಎರಡರಲ್ಲಿಯೂ ಸ್ಯಾಪೋನಿನ್ ಎಂಬ ಸಹಜ ನೊರೆದ್ರವ್ಯವಿದೆ. ಕಣ್ಣಿಗೆ ಬೀಳದಂತೆ ಮಾತ್ರ ಎಚ್ಚರವಿರಲಿ.

ಬರಿಗೈಯಲ್ಲಿ ಸಂತೆಗೆ ಹೋಗದಿರೋಣ

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧವಿದೆ. ಹೀಗಿದ್ದರೂ ಅಂಗಡಿಯಲ್ಲಿ ಕವರು ಸಿಗುತ್ತಿರುವುದೇಕೆ? ನಾವು ಬರಿಗೈಯಲ್ಲಿ ಹೋಗಿ ಕೇಳುತ್ತೇವೆ, ಅಂಗಡಿಯವರು ಕೊಡುತ್ತಾರೆ. ಒಲೆಗೆ ಬೀಳುವ ಕವರು, ಹಸುವಿನ ಹೊಟ್ಟೆ ಸೇರುವ ಕವರು, ಎರಡೂ ಮನೆಗೆ ಬಂದದ್ದು ಸಂತೆಯಿಂದಲೇ. ರೋಗ ಬಂದ ಮೇಲೆ ಔಷಧಕ್ಕಿಂತ ರೋಗಕ್ಕೆ ಕಾರಣವಾದುದನ್ನು ಬಿಡುವುದೇ ಮೊದಲ ಚಿಕಿತ್ಸೆ ಎಂಬ ಆಯುರ್ವೇದದ ನಿಯಮ ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ ಈ ತಿಂಗಳಿನಿಂದಲೇ ಕೆಲವನ್ನು ರೂಢಿಸಿಕೊಳ್ಳಬಹುದು:

1. ಹಳೆಯ ಸೀರೆ, ಪಂಚೆಗಳಿಂದ ಎರಡು ಚೀಲ ಹೊಲಿಸಿ, ಒಂದನ್ನು ಬಾಗಿಲ ಬಳಿಯ ಗೂಟಕ್ಕೂ ಇನ್ನೊಂದನ್ನು ಬೈಕಿನಲ್ಲಿಯೂ ಇಡುವುದು. ಹೋದಲ್ಲೆಲ್ಲ ಹೊಸ ಬಟ್ಟೆಚೀಲ ಕೊಳ್ಳುವುದೂ ವ್ಯರ್ಥವೇ.
2. ಎಣ್ಣೆಯನ್ನು ಗಾಣದಿಂದ ಸ್ವಂತ ಪಾತ್ರೆಯಲ್ಲಿ ತರುವುದು. ಬೇಳೆ, ಬೆಲ್ಲಗಳನ್ನು ಸಣ್ಣ ಪೊಟ್ಟಣಗಳ ಬದಲು ತಿಂಗಳಿಗೊಮ್ಮೆ ಒಟ್ಟಾಗಿ ತರುವುದು.
3. ಆಯಾ ಋತುವಿನಲ್ಲಿ ಹತ್ತಿರದ ಹೊಲಗಳಲ್ಲಿ ಬೆಳೆದ ತರಕಾರಿ, ಹಣ್ಣುಗಳನ್ನೇ ಕೊಳ್ಳುವುದು. ಋತುಚರ್ಯೆಯ ಆಶಯವೂ ಇದೇ.
4. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳುವುದು: ಇದು ಅವಶ್ಯವೇ? ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಎರಡನೆಯ ಪ್ರಶ್ನೆಗೆ ಉತ್ತರ ‘ಒಲೆಗೆ’ ಅಥವಾ ‘ಬೀದಿಗೆ’ ಎಂದಾದರೆ, ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಮನೆಯವರೆಲ್ಲರ ಆರೋಗ್ಯಕ್ಕೆ ಹಿತಕರ.