ತೋಟಾದ ಅಂಚಿನಲ್ಲಿ ಅಡಗಿದ ಕಿಡಿ

ಗುರಿಯಾಟವು ಅಮೆರಿಕದ ಸಂಸಾರವಂದಿಗರಿಗೆ ಬಹು ಹಳೆಯ ವಿನೋದ. ನಮ್ಮ ನಾಡಿನಲ್ಲಿ ರಜೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಟ್ಟದ ತಪ್ಪಲಿಗೋ ಹೊಳೆಯ ದಂಡೆಗೋ ಹೊರಡುವಂತೆ, ಅಲ್ಲಿಯ ಹಳ್ಳಿಗಾಡಿನ ಗೃಹಸ್ಥನು ಮಕ್ಕಳನ್ನು ಕರೆದುಕೊಂಡು ಊರಾಚೆಯ ಮಣ್ಣುದಿಬ್ಬದ ಬಳಿಗೆ ಹೋಗುವುದುಂಟು. ದಿಬ್ಬದ ಮುಂದೆ ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ, ಸಣ್ಣ ಪಿಸ್ತೂಲಿನಿಂದ ಅವನ್ನು ಒಂದೊಂದಾಗಿ ಉರುಳಿಸುವುದೇ ಆಟ. ಅದಕ್ಕೆ ಬಳಸುವುದು ಸಾಮಾನ್ಯವಾಗಿ 22ರ ಪಿಸ್ತೂಲು. ಎಂದರೆ ಅಂಗುಲವನ್ನು ನೂರು ಪಾಲು ಮಾಡಿದರೆ ಅದರ ಗುಂಡಿನ ಅಡ್ಡಳತೆ ಸುಮಾರು 22 ಪಾಲು. ಸದ್ದು ಕಡಿಮೆ, ಒದೆತ ಕಡಿಮೆ, ತೋಟಾದ ಬೆಲೆಯೂ ಕಡಿಮೆ.

ಇಂಥದೊಂದನ್ನು ಕೊಳ್ಳಲು ಅಂಗಡಿಗೆ ಹೋದವನು ಗುರಿಯ ನಿಖರತೆಯನ್ನು ಆಮೇಲೆ ವಿಚಾರಿಸುತ್ತಾನೆ. ‘ನಡುವೆ ಕೈಕೊಡದೆ ನಡೆಯುವುದು ಯಾವುದು?’ ಎಂಬುದು ಅವನ ಮೊದಲ ಪ್ರಶ್ನೆ. ಅಂಗಡಿಯವನು ಒಂದು ಕಂಪನಿಯ ಹೆಸರನ್ನು ಹೇಳುತ್ತಾನೆ. ಪಕ್ಕದಲ್ಲಿ ನಿಂತ ಗಿರಾಕಿ ಇನ್ನೊಂದನ್ನು ಹೊಗಳುತ್ತಾನೆ. ಇಬ್ಬರೂ ಸುಳ್ಳುಗಾರರಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಪಿಸ್ತೂಲಿನಲ್ಲಿರುವುದು ಅರ್ಧ ಮಾತ್ರ. ಮಿಕ್ಕ ಅರ್ಧವನ್ನು ತೋಟಾದಲ್ಲಿ ಹುಡುಕಬೇಕು.

ಮಲೆನಾಡಿನ, ಕೊಡಗಿನ ಹಿರಿಯರಿಗೆ ಕೇಪಿನ ಕೋವಿಯ ಪರಿಚಯವುಂಟು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಹಿಂಬದಿಯಲ್ಲಿ ತಾಮ್ರದ ಪುಟ್ಟ ಕೇಪೊಂದನ್ನು ಕೂರಿಸುವುದು ಅದರ ಕ್ರಮ. ಕುದುರೆ ಬಡಿದಾಗ ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತದೆ. ಪ್ಯಾರಿಸ್ ನಗರದಲ್ಲಿ ಕೋವಿ ತಯಾರಿಸುತ್ತಿದ್ದ ಫ್ಲೊಬೇರ್ ಎಂಬಾತನಿಗೆ 1845ರ ಸುಮಾರಿಗೆ ಒಂದು ಯೋಚನೆ ಹೊಳೆಯಿತು. ಕೇಪಿನ ಬಾಯಿಗೇ ಸಣ್ಣ ಗುಂಡೊಂದನ್ನು ಸಿಕ್ಕಿಸಿಬಿಟ್ಟರೆ ಬೇರೆ ಮದ್ದೇ ಬೇಡವಲ್ಲ! ಹಾಗೆ ಹುಟ್ಟಿದ ತೋಟಾ ಮನೆಯ ಪಡಸಾಲೆಯಲ್ಲೇ ಗುರಿಯಾಟ ಆಡುವಷ್ಟು ಸೌಮ್ಯವಾಗಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅದಕ್ಕೆ ಕೊಂಚ ಮದ್ದು ಸೇರಿಸಿ ತನ್ನ ಪುಟ್ಟ ರಿವಾಲ್ವರಿಗೆ ಹೊಂದಿಸಿತು. 1887ರಲ್ಲಿ ಸ್ಟೀವನ್ಸ್ ಕಂಪನಿ ‘22 ಲಾಂಗ್ ರೈಫಲ್’ ಎಂಬ ತೋಟಾವನ್ನು ತಂದಿತು. ಹೆಸರು ರೈಫಲ್ಲಿನದಾದರೂ ಪಿಸ್ತೂಲಿಗೂ ಇಂದಿಗೂ ಅದೇ.

ದೊಡ್ಡ ಕೋವಿಗಳ ತೋಟಾದಲ್ಲಿ ಕಿಡಿಮದ್ದು ತಳದ ನಟ್ಟನಡುವೆ ಪ್ರತ್ಯೇಕ ಕೇಪಿನಲ್ಲಿರುತ್ತದೆ. 22ರ ಕ್ರಮ ಬೇರೆ. ಅದರ ಹಿತ್ತಾಳೆಯ ಚಿಪ್ಪಿನ ತಳದಂಚು ತುಸು ಹೊರಚಾಚಿ ಒಳಗೆ ಟೊಳ್ಳಾಗಿರುತ್ತದೆ. ಒದ್ದೆಯಾದ ಕಿಡಿಮದ್ದನ್ನು ಚಿಪ್ಪಿನೊಳಗಿಟ್ಟು ಗಿರ್ರನೆ ತಿರುಗಿಸಿ, ಆ ಟೊಳ್ಳಿನ ಸುತ್ತಲೂ ಹರಡಿ ಒಣಗಿಸುತ್ತಾರೆ. ಪಿಸ್ತೂಲಿನ ಬಡಿಮೊಳೆ ಅಂಚನ್ನು ಜಜ್ಜಿದಾಗ ಕಿಡಿ ಏಳುತ್ತದೆ. ಹರಡುವಾಗ ಅಂಚಿನ ಒಂದೆಡೆ ಬರಿದಾಗಿ ಉಳಿದಿದ್ದು, ಮೊಳೆ ಸರಿಯಾಗಿ ಅಲ್ಲಿಗೇ ಬಿದ್ದರೆ ‘ಟಿಕ್’ ಎಂಬ ಸದ್ದಷ್ಟೇ. ಅದೇ ತೋಟಾವನ್ನು ತುಸು ತಿರುಗಿಸಿ ಮತ್ತೆ ಹಾಕಿದರೆ ಅನೇಕ ವೇಳೆ ಸಿಡಿಯುತ್ತದೆ. ತಪ್ಪು ತೋಟಾದ್ದು, ಬೈಗುಳ ಪಿಸ್ತೂಲಿಗೆ.

ಪಿಸ್ತೂಲಿನ ಕಷ್ಟವೂ ಸಣ್ಣದಲ್ಲ. ಗುಂಡು ಹಾರಿದಾಗ ಬರುವ ಒದೆತದಿಂದಲೇ ಬೋಲ್ಟು ಹಿಂದಕ್ಕೆ ಸರಿದು ಖಾಲಿ ಚಿಪ್ಪನ್ನು ಹೊರಗೆಸೆಯಬೇಕು. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಮ್ಯಾಗಜೀನಿನಿಂದ ಹೊಸ ತೋಟಾವನ್ನು ನೂಕಿಕೊಂಡು ಬರಬೇಕು. ಸಾಮಾನ್ಯವಾದ 22ರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಅದರ ಒದೆತ ಎಷ್ಟಿದ್ದೀತು? ತೋಟಾ ಸ್ವಲ್ಪ ಮಂದವಾಗಿದ್ದರೆ ಬೋಲ್ಟು ಅರ್ಧದಾರಿಯಿಂದಲೇ ಹಿಂದಿರುಗಿ, ಚಿಪ್ಪು ಕಿಂಡಿಯಲ್ಲಿ ಸಿಕ್ಕಿಬೀಳುತ್ತದೆ. ಇದರ ಮೇಲೆ ಗುಂಡು ಮೆದುಸೀಸದ್ದು. ಅದಕ್ಕೆ ಸವರಿದ ಮೇಣವೂ ಸುಟ್ಟ ಮದ್ದಿನ ಮಸಿಯೂ ಸೇರಿ ಯಂತ್ರದೊಳಗೆ ಅಂಟು ಕಟ್ಟುತ್ತದೆ. ಹೊರಚಾಚಿದ ಅಂಚುಗಳು ಮ್ಯಾಗಜೀನಿನಲ್ಲಿ ಒಂದಕ್ಕೊಂದು ತೊಡಕಿಕೊಳ್ಳುವುದೂ ಉಂಟು.

ಜಾನ್ ಬ್ರೌನಿಂಗ್ ಎಂಬ ಮೇಧಾವಿಯ ಕಲ್ಪನೆಯಿಂದ ಮೂಡಿದ ಕೋಲ್ಟ್ ಕಂಪನಿಯ ಪಿಸ್ತೂಲಿಗೂ ಈ ತಾಪತ್ರಯ ತಪ್ಪಲಿಲ್ಲ. 1915ರಲ್ಲಿ ಬಂದು, 1927ರಲ್ಲಿ ‘ವುಡ್ಸ್‌ಮನ್’ ಎಂಬ ಹೆಸರು ಪಡೆದ ಆ ಸುಂದರ ಪಿಸ್ತೂಲು ಅಂದಿನ ಸಾಧಾರಣ ವೇಗದ ತೋಟಾಕ್ಕೆಂದು ರೂಪಿಸಿದ್ದು. ಮುಂದೆ ಹೆಚ್ಚು ವೇಗದ ತೋಟಾಗಳು ಪೇಟೆಗೆ ಬಂದಾಗ, 1930ರ ದಶಕದ ಮೊದಲಲ್ಲಿ, ಕಂಪನಿ ಅದರ ಹಿಂಬದಿಯ ಭಾಗವನ್ನು ಬಲಪಡಿಸಬೇಕಾಯಿತು. ವುಡ್ಸ್‌ಮನ್ ತಯಾರಿಕೆ 1977ರಲ್ಲಿ ನಿಂತಿತು. ಅದರ ಚೆಲುವಿಗೆ ಮರುಳಾಗಿ ಹಳೆಯದನ್ನು ಕೊಳ್ಳುವವನು ಅದು ಯಾವ ಕಾಲದ್ದು, ಯಾವ ತೋಟಾಕ್ಕೆ ಹೇಳಿಸಿದ್ದು ಎಂದು ಮೊದಲು ತಿಳಿದುಕೊಳ್ಳುವುದು ಕ್ಷೇಮ.

ಸಾಮಾನ್ಯನ ಕೈಗೆಟುಕುವ ಬೆಲೆಗೆ ನಂಬಿಕೆಯ ಪಿಸ್ತೂಲನ್ನು ಕೊಟ್ಟವನು ಬಿಲ್ ರೂಗರ್. 1916ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಈತ ಹುಟ್ಟು ಯಂತ್ರಪ್ರೇಮಿ. ಎರಡನೆಯ ಮಹಾಯುದ್ಧ ಮುಗಿದಾಗ, ಮರಳಿ ಬಂದ ಸೈನಿಕನೊಬ್ಬನಿಂದ ಜಪಾನಿನ ನಂಬು ಪಿಸ್ತೂಲೊಂದನ್ನು ಪಡೆದು, ಅದರ ಒಳಮರ್ಮವನ್ನು ತನ್ನ ಗ್ಯಾರೇಜಿನಲ್ಲಿ ಕುಳಿತು ಅಭ್ಯಾಸ ಮಾಡಿದ. ಕೈಯಾಯುಧಗಳ, ಎಂದರೆ ಬಡಗಿ, ಕಮ್ಮಾರರ ಉಪಕರಣಗಳ, ಕಾರ್ಖಾನೆಯೊಂದನ್ನು ತೆರೆದು ದಿವಾಳಿಯೆದ್ದ. ಆಗ ಕೈಹಿಡಿದವನು ಅಲೆಕ್ಸಾಂಡರ್ ಸ್ಟರ್ಮ್ ಎಂಬ ತರುಣ. ಯೇಲ್‌ನಲ್ಲಿ ಓದಿದವನು, ಚಿತ್ರಗಾರ, ಆಯುಧಗಳ ಮೋಹವಿದ್ದವನು. ಆತನ 50,000 ಡಾಲರುಗಳೇ ಮೂಲಧನ. 1949ರಲ್ಲಿ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟಿನಲ್ಲಿ, ರೈಲು ನಿಲ್ದಾಣದೆದುರಿನ ಬಾಡಿಗೆಯ ಕೆಂಪು ಕಟ್ಟಡವೊಂದರಲ್ಲಿ ಇಬ್ಬರೂ ಕೆಲಸ ಆರಂಭಿಸಿದರು.

ರೂಗರನ ಜಾಣ್ಮೆ ಇದ್ದುದು ಮಿತವ್ಯಯದಲ್ಲಿ. ಇತರರು ಉಕ್ಕಿನ ಗಟ್ಟಿಯನ್ನು ಗಂಟೆಗಟ್ಟಲೆ ಕೊರೆದು ಪಿಸ್ತೂಲಿನ ಒಡಲನ್ನು ಮಾಡುತ್ತಿದ್ದರೆ, ಈತ ಉಕ್ಕಿನ ತಗಡಿನಿಂದ ಎರಡು ಹೋಳುಗಳನ್ನು ಅಚ್ಚೊತ್ತಿ ಬೆಸೆದುಬಿಟ್ಟ. ಒಳಗಿನ ಬೋಲ್ಟು ದುಂಡನೆಯ ಕೋಲಿನಂತೆ, ಸಲೀಸಾಗಿ ಜಾರುವಂಥದು. ಹೊರಗಿನ ಆಕಾರ ಹೆಸರಾಂತ ಜರ್ಮನ್ ಲೂಗರ್ ಪಿಸ್ತೂಲನ್ನು ನೆನಪಿಗೆ ತರುತ್ತಿತ್ತು. ಬೆಲೆ 37 ಡಾಲರ್ 50 ಸೆಂಟ್! ಪತ್ರಿಕೆಯಲ್ಲಿ ಜಾಹೀರಾತು ಬಂದದ್ದೇ ತಡ, ಬೇಡಿಕೆಗಳು ಬರತೊಡಗಿದವು. ಹಿಡಿಕೆಯ ಮೇಲೆ ಕೆಂಪು ಹಿನ್ನೆಲೆಯ ಹದ್ದಿನ ಲಾಂಛನ, ಬರೆದವನು ಸ್ಟರ್ಮ್. ಆದರೆ ಆ ಏಳಿಗೆಯನ್ನು ಕಣ್ತುಂಬ ಕಾಣುವ ಭಾಗ್ಯ ಅವನಿಗಿರಲಿಲ್ಲ. 1951ರಲ್ಲಿ, 28ನೆಯ ವಯಸ್ಸಿಗೆ, ಯಕೃತ್ತಿನ ಬೇನೆಯಿಂದ ತೀರಿಕೊಂಡ. ಗೆಳೆಯನ ಸ್ಮರಣೆಗಾಗಿ ರೂಗರ್ ಲಾಂಛನದ ಕೆಂಪನ್ನು ಕಪ್ಪಾಗಿಸಿದ. ಕಂಪನಿ ಇಬ್ಬರ ಹೆಸರನ್ನೂ ಇಂದಿಗೂ ಹೊತ್ತಿದೆ.

ಮೊದಲ ಮಾದರಿ ನಿಂತು 1982ರಲ್ಲಿ ‘ಮಾರ್ಕ್ 2’ ಬರುವ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಪಿಸ್ತೂಲುಗಳು ತಯಾರಾಗಿದ್ದವು. ಕೊನೆಯ ಗುಂಡು ಹಾರಿದ ಮೇಲೆ ಬೋಲ್ಟು ತೆರೆದೇ ನಿಲ್ಲುವ ಅನುಕೂಲ ಆಗ ಸೇರಿತು. ಒಂದು ಪೀಡೆ ಮಾತ್ರ ಹಾಗೆಯೇ ಉಳಿಯಿತು: ಶುಚಿಮಾಡಲು ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು. ಒಳಗಿನ ಸಣ್ಣ ಕಡ್ಡಿಯೊಂದು ತಕ್ಕ ಜಾಗಕ್ಕೆ ಬೀಳದಿದ್ದರೆ ಇಡೀ ಸಂಜೆ ಅಡುಗೆಮನೆಯ ಮೇಜಿನ ಮೇಲೆಯೇ ಕಳೆದುಹೋಗುತ್ತಿತ್ತು. ಎಷ್ಟೋ ಮಂದಿ ಆ ಭಯಕ್ಕೇ ಬಿಚ್ಚದೆ ಬಿಟ್ಟು, ಮಸಿ ಕಟ್ಟಿದ ಪಿಸ್ತೂಲನ್ನು ದೂರುತ್ತಿದ್ದರು. 2016ರ ‘ಮಾರ್ಕ್ 4’ರಲ್ಲಿ ಒಂದು ಗುಂಡಿಯನ್ನೊತ್ತಿದರೆ ಪಿಸ್ತೂಲು ಮಡಚಿ ತೆರೆದುಕೊಳ್ಳುತ್ತದೆ. ಶುಚಿಮಾಡಲು ಸುಲಭವಾದದ್ದೇ ಬಹುಕಾಲ ನಂಬಿಕೆಗೆ ಉಳಿಯುವುದೆಂಬುದಕ್ಕೆ ಈ ಬದಲಾವಣೆಯೇ ಸಾಕ್ಷಿ.

ಹೆಸರೊಂದನ್ನೇ ನಂಬಿ ಕಣ್ಣುಮುಚ್ಚುವುದೂ ಸಲ್ಲದು. ಮಾರ್ಕ್ 4ರಲ್ಲಿ ಸುರಕ್ಷಾ ಕೀಲು ನಡುವೆ ನಿಂತಿದ್ದಾಗ ಟ್ರಿಗರ್ ಎಳೆದರೆ ಗುಂಡು ಹಾರದೆ, ಅನಂತರ ಕೀಲನ್ನು ಸರಿಸಿದಾಗ ತಾನಾಗಿ ಹಾರುವ ಸಂಭವವಿದೆಯೆಂದು 2017ರ ಜೂನ್‌ನಲ್ಲಿ ಕಂಪನಿಯೇ ಪ್ರಕಟಿಸಿ, ಅದೇ ತಿಂಗಳ ಮೊದಲ ತಾರೀಖಿಗೆ ಮುಂಚೆ ತಯಾರಾದವನ್ನೆಲ್ಲ ದುರಸ್ತಿಗೆ ಹಿಂದಕ್ಕೆ ಕರೆಸಿಕೊಂಡಿತು. ಹಳೆಯದನ್ನು ಕೊಳ್ಳುವವನು ಆ ದುರಸ್ತಿ ಆಗಿದೆಯೇ ಎಂದು ವಿಚಾರಿಸದಿದ್ದರೆ ಅಪಾಯ ಅವನ ಮನೆಗೇ ಬರುತ್ತದೆ.

ಹಾಗಾದರೆ ಆರಿಸುವ ಬಗೆ ಯಾವುದು? ಪಿಸ್ತೂಲನ್ನು ಹಿಡಿದು ನೋಡದೆ ಕೊಳ್ಳಬಾರದು. ದಪ್ಪ ನಳಿಗೆಯದು ಅಲುಗದೆ ನಿಲ್ಲುತ್ತದೆ, ಎಳೆಯ ಕೈಯನ್ನು ಬೇಗ ದಣಿಸುತ್ತದೆ. ಆ ಮಾದರಿ ಕ್ಲಬ್ಬಿನಲ್ಲಿ ಸಿಗುವುದಾದರೆ ನಾಲ್ಕೈದು ಬಗೆಯ ತೋಟಾಗಳ ಪೆಟ್ಟಿಗೆಗಳನ್ನು ತಂದು—ಒಂದರಲ್ಲಿ ಸಾಮಾನ್ಯವಾಗಿ 50 ಇರುತ್ತವೆ—ಎಲ್ಲವನ್ನೂ ಹಾರಿಸಿ, ಯಾವುದರಲ್ಲಿ ಎಷ್ಟು ಸಲ ತಡೆಯಿತೆಂದು ಬರೆದಿಟ್ಟುಕೊಳ್ಳುವುದು ಅಂಗಡಿಯವನ ಎಲ್ಲ ಮಾತಿಗಿಂತ ಬೆಲೆಯುಳ್ಳದ್ದು. ಮ್ಯಾಗಜೀನಿನ ತುಟಿ ಬಲು ತೆಳು. ಕೆಳಗೆ ಬಿದ್ದು ನಗ್ಗಿದರೆ ಒಳ್ಳೆಯ ಪಿಸ್ತೂಲೂ ಮುಗ್ಗರಿಸುತ್ತದೆ. ಎರಡಿದ್ದರೆ ದೋಷ ಎಲ್ಲಿಯದೆಂದು ಗೊತ್ತಾಗುತ್ತದೆ. ಹೊಸದಾಗಿ ಕಲಿಯುವವರಿಗೆ ರಿವಾಲ್ವರ್ ಕೀಳಲ್ಲ. ಅದರಲ್ಲಿ ಬೋಲ್ಟಿನ ಓಡಾಟವಿಲ್ಲ. ತೋಟಾ ತುಂಬುವುದು ನಿಧಾನವೆಂಬುದು, ಮಕ್ಕಳ ಸಂಗಡ ಆಡುವಾಗ, ಕೊರತೆಗಿಂತ ಹೆಚ್ಚಾಗಿ ಒಂದು ಗುಣ.

ಸಿಡಿಯದ ತೋಟಾದ ವಿಷಯದಲ್ಲಿ ಅವಸರ ಕೂಡದು. ಕಿಡಿ ತಡವಾಗಿ ಹತ್ತುವುದುಂಟು. ಆದ್ದರಿಂದ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಸದ್ದು ಎಂದಿಗಿಂತ ಸಪ್ಪೆಯಾಗಿ ಕೇಳಿದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಪರೀಕ್ಷಿಸದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸೀಳೀತು. ಆಟಿಕೆಯಂತೆ ಕಾಣುವ ಈ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಬೆನ್ನಿಗೆ ಮಣ್ಣುದಿಬ್ಬವಿಲ್ಲದ ಬಯಲಿನಲ್ಲಿ ಡಬ್ಬಿ ಉರುಳಿಸುವುದು ವಿನೋದವೆನಿಸದು.

ಭಾರತದಲ್ಲಿ 1959ರ ಆಯುಧ ಕಾಯಿದೆಯಂತೆ ಇಂಥ ಪಿಸ್ತೂಲಿಗೆ ಪರವಾನಗಿ ಬೇಕೇ ಬೇಕು. ಆಸಕ್ತರು ಸಾಮಾನ್ಯವಾಗಿ ಕ್ಲಬ್ಬುಗಳಲ್ಲಿ ಗಾಳಿ ಪಿಸ್ತೂಲಿನಿಂದ ಆರಂಭಿಸುತ್ತಾರೆ. ಆದರೆ 22ರ ತೋಟಾ ನಮಗೆ ಅಪರಿಚಿತವಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಿಂದಲೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋ ನಗರದಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿಗೂ ಇದೇ ತೋಟಾ. ಆ ಸ್ಪರ್ಧೆಯ ಪಿಸ್ತೂಲಿಗೆ ತೋಟಾವನ್ನು ಒಂದೊಂದಾಗಿ ಕೈಯಿಂದಲೇ ಹಾಕುತ್ತಾರೆ. ಸಿಕ್ಕಿಬೀಳಲು ಮ್ಯಾಗಜೀನೇ ಇಲ್ಲ. ಯಂತ್ರದ ತೊಡಕೆಲ್ಲ ಕಳೆದ ಮೇಲೂ ಉಳಿಯುವುದು ತೋಟಾ. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ತೋಟಾಗಳು ಕೂಡ ತಯಾರಾದ ತಂಡದಿಂದ ತಂಡಕ್ಕೆ ಬೇರೆ ಬೇರೆಯಾಗಿ ವರ್ತಿಸುತ್ತವೆ. ಆದ್ದರಿಂದ ನುರಿತ ಗುರಿಕಾರರು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ತಂಡದ ಸಂಖ್ಯೆಯನ್ನು ನೋಡಿ, ತಮ್ಮ ಪಿಸ್ತೂಲಿನಲ್ಲಿ ಪರೀಕ್ಷಿಸಿ, ಒಗ್ಗಿದ ಸಂಖ್ಯೆಯದು ಎಷ್ಟು ಸಿಕ್ಕಿದರೆ ಅಷ್ಟನ್ನೂ ಕೊಂಡಿಡುತ್ತಾರೆ.