ಹಳದಿ ಚುಕ್ಕೆಯ ಮೇಲೊಂದು ನೀಲಿ

ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಗೆ ತಿರುಗಿದ್ದು ಕಂಡು, ಕಾಮಾಲೆಯೇನೋ ಎಂದು ಗಾಬರಿಯಾಗಿ ನನ್ನನ್ನು ಕೇಳಿದವರು ಬಹಳ ಮಂದಿ. ಅದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್. ದೇಹ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಹೊರಗೆ ಕಳಿಸುತ್ತದೆ, ಅಷ್ಟೇ. ಹಾಲು ಒಡೆದು ಪನೀರ್ ಸೋಸಿದಾಗ ಪಾತ್ರೆಯಲ್ಲಿ ಉಳಿಯುವ ಹಾಲೊಡಕಿನ ಹಸಿರು ಮಿಶ್ರಿತ ತಿಳಿ ಹಳದಿಯೂ ಇದರದೇ. ದಾವಣಗೆರೆಯ ಫಾರ್ಮಸಿ ಕಾಲೇಜೊಂದರಲ್ಲಿ 26 ವರ್ಷ ಪಾಠ ಮಾಡಿದ ನನಗೆ ವಿಟಮಿನ್‌ಗಳಲ್ಲೆಲ್ಲ ಇದರ ಮೇಲೆ ಹೆಚ್ಚು ಅಕ್ಕರೆ. ಅದಕ್ಕೊಂದು ಕಾರಣವಿದೆ.

ಒಂದು ಮಾತ್ರೆಯಲ್ಲಿ ಬಿ1, ಬಿ2, ಬಿ6, ನಿಕೋಟಿನಮೈಡ್ ಎಲ್ಲ ಕಲಸಿಹೋಗಿರುತ್ತವೆ. ಇವನ್ನು ಬಿಡಿಸಿ ನೋಡಲು ನಾವು ಟಿಎಲ್‌ಸಿ ಮಾಡುತ್ತೇವೆ. ಪೂರ್ಣ ಹೆಸರು ಥಿನ್ ಲೇಯರ್ ಕ್ರೊಮಟೋಗ್ರಫಿ. ಗಾಜಿನ ಅಥವಾ ಅಲ್ಯೂಮಿನಿಯಂ ಹಾಳೆಯ ಮೇಲೆ ಮಿಲಿಮೀಟರಿನ ಕಾಲು ಭಾಗದಷ್ಟು ತೆಳುವಾಗಿ ಸಿಲಿಕಾ ಜೆಲ್ ಬಳಿದಿರುತ್ತದೆ. ತಳದಿಂದ ಒಂದು ಸೆಂಟಿಮೀಟರ್ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆಯಬೇಕು. ಪೆನ್ ಕೂಡದು, ಶಾಯಿಯೂ ಮೇಲೇರಿ ಎಲ್ಲ ಕೆಡಿಸುತ್ತದೆ. ಮಾತ್ರೆಯ ದ್ರಾವಣವನ್ನು ಕೂದಲಿನಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ಹೀರಿ ಗೆರೆಯ ಮೇಲೆ ಮುಟ್ಟಿಸುವುದು, ಒಣಗಿಸುವುದು, ಮತ್ತೆ ಅಲ್ಲೇ ಮುಟ್ಟಿಸುವುದು. ಚುಕ್ಕೆ ಸಾಸಿವೆ ಕಾಳಿಗಿಂತ ದೊಡ್ಡದಾಗಬಾರದು. ಪಕ್ಕದಲ್ಲೇ ಶುದ್ಧ ವಿಟಮಿನ್ನಿನ ಚುಕ್ಕೆ. ಅದಕ್ಕೆ ಸ್ಟ್ಯಾಂಡರ್ಡ್ ಎನ್ನುತ್ತೇವೆ.

ಆಮೇಲೆ ಮುಚ್ಚಳವಿರುವ ಜಾರಿನೊಳಗೆ ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು ಬೆರೆಸಿದ ದ್ರವದಲ್ಲಿ ಪ್ಲೇಟನ್ನು ನಿಲ್ಲಿಸುತ್ತೇವೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ದ್ರವ ಸಿಲಿಕಾದಲ್ಲಿ ಮೇಲೇರುತ್ತದೆ, ಚುಕ್ಕೆಗಳನ್ನೂ ಕರೆದೊಯ್ಯುತ್ತದೆ. ಸಿಲಿಕಾಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ವಸ್ತು ಹಿಂದೆ ಉಳಿಯುತ್ತದೆ, ಅಂಟು ಕಡಿಮೆಯಿದ್ದದ್ದು ಮುಂದೆ ಹೋಗುತ್ತದೆ. ದ್ರವ 8 ಸೆಂಟಿಮೀಟರ್ ಏರಿ, ಚುಕ್ಕೆ 2.4 ಸೆಂಟಿಮೀಟರ್ ಸಾಗಿದ್ದರೆ ಚುಕ್ಕೆಯ ದೂರವನ್ನು ದ್ರವದ ದೂರದಿಂದ ಭಾಗಿಸಿ 0.3 ಎನ್ನುತ್ತೇವೆ; ಇದೇ ಅದರ ಆರ್‌ಎಫ್. ಅದೇ ಪ್ಲೇಟಿನಲ್ಲಿ ಸ್ಟ್ಯಾಂಡರ್ಡ್ ಎಷ್ಟು ಎತ್ತರ ಏರಿತೋ ಅಷ್ಟೇ ಎತ್ತರಕ್ಕೆ ಮಾತ್ರೆಯ ಚುಕ್ಕೆಯೂ ಬಂದರೆ ಗುರುತು ಸಿಕ್ಕ ಹಾಗೆ.

ಬಣ್ಣವಿಲ್ಲದವನ್ನು ಕಾಣಿಸುವ ಉಪಾಯಗಳು ಬೇರೆ ಬೇರೆ. ಬಿ1ರ ಮೇಲೆ ಕ್ಷಾರ ಬೆರೆಸಿದ ಪೊಟ್ಯಾಸಿಯಂ ಫೆರಿಸಯನೈಡ್ ಸಿಂಪಡಿಸಿದರೆ ಅದು ಥಯೋಕ್ರೋಮ್ ಆಗಿ ಯುವಿ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ರೈಬೋಫ್ಲೇವಿನ್‌ಗೆ ಏನನ್ನೂ ಸಿಂಪಡಿಸಬೇಕಿಲ್ಲ. 365 ನ್ಯಾನೋಮೀಟರ್ ದೀಪ ಹಾಕಿದರೆ ಸಾಕು, ಕತ್ತಲಲ್ಲಿ ಮಿಂಚುಹುಳದ ಹಾಗೆ ಹಸಿರು-ಹಳದಿಯಾಗಿ ಬೆಳಗುತ್ತದೆ.

ಒಂದು ವರ್ಷ ಏಪ್ರಿಲ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹುಡುಗಿಯೊಬ್ಬಳು ಪ್ಲೇಟ್ ಹಿಡಿದು ಬಂದಳು. “ಮೇಡಂ, ಸ್ಟ್ಯಾಂಡರ್ಡ್‌ನಲ್ಲೇ ಎರಡು ಸ್ಪಾಟ್ ಬಂದಿದಾವೆ.” ಶುದ್ಧ ವಸ್ತು ಎರಡಾಗಿ ಹೇಗೆ ಒಡೆದೀತು? “ನಳಿಗೆ ಸರಿಯಾಗಿ ತೊಳೆದಿಲ್ಲಮ್ಮ, ಮತ್ತೆ ಮಾಡು” ಎಂದು ಗದರಿ ಕಳಿಸಿದೆ. ಒಂದೂವರೆ ಗಂಟೆ ಕಳೆದು ಮತ್ತೆ ತಂದಳು. ಮತ್ತೆ ಎರಡು: ಕೆಳಗೆ ಹಸಿರು-ಹಳದಿ, ಅದರ ಮೇಲೆ ಸ್ವಚ್ಛ ನೀಲಿ. ಅವಳ ಕಣ್ಣಲ್ಲಿ ನೀರು. ಆಗ ಕಿಟಕಿಯ ಕಡೆ ನೋಡಿದೆ. ಬೆಳಿಗ್ಗೆ ನಾನೇ ತುಸು ಅಸಿಟಿಕ್ ಆಮ್ಲ ಸೇರಿಸಿ ತಯಾರಿಸಿದ ಸ್ಟ್ಯಾಂಡರ್ಡ್, ಬಿಳಿ ಗಾಜಿನ ಫ್ಲಾಸ್ಕಿನಲ್ಲಿ ದಾವಣಗೆರೆಯ ಬಿಸಿಲಿಗೆ ಮೈಯೊಡ್ಡಿ ಕೂತಿತ್ತು.

ರೈಬೋಫ್ಲೇವಿನ್ ಅಣುವಿಗೆ ಸಕ್ಕರೆಯನ್ನು ಹೋಲುವ ಒಂದು ಬಾಲವಿದೆ. ಸಿಲಿಕಾಕ್ಕೆ ಅಂಟಿಕೊಳ್ಳುವುದು ಮುಖ್ಯವಾಗಿ ಆ ಬಾಲದಿಂದಲೇ. ಬಿಸಿಲು ಅದನ್ನು ಕತ್ತರಿಸಿ ಹಾಕುತ್ತದೆ. ಉಳಿದ ಭಾಗ ಲ್ಯೂಮಿಕ್ರೋಮ್. ಹಿಡಿದೆಳೆಯುವ ಬಾಲವಿಲ್ಲದ ಕಾರಣ ಮೇಲೆ ಓಡುತ್ತದೆ, ನೀಲಿಯಾಗಿ ಹೊಳೆಯುತ್ತದೆ, ವಿಟಮಿನ್ನಿನ ಕೆಲಸ ಮಾತ್ರ ಮಾಡದು. ಹುಡುಗಿಯ ಪ್ಲೇಟ್ ಸರಿಯಾಗಿಯೇ ಇತ್ತು. ಕ್ಷಮೆ ಕೇಳಿದೆ, ಪೂರ್ತಿ ಅಂಕ ಕೊಟ್ಟೆ. ಪ್ಲೇಟ್ ಹೇಳಿದ್ದನ್ನು ನಂಬದೆ ಮಗುವಿನ ಮೇಲೆ ತಪ್ಪು ಹೊರಿಸಿದೆನಲ್ಲ ಎಂಬ ನೋವು ಇವತ್ತಿಗೂ ಹೋಗಿಲ್ಲ.

ಬೆಳಕಿಗೆ ಒಡೆಯುವ ಈ ಗುಣವೇ ವಿಜ್ಞಾನಿಗಳಿಗೆ ದಾರಿ ತೋರಿಸಿತ್ತು. 1932ರಲ್ಲಿ ಜರ್ಮನಿಯ ಒಟ್ಟೊ ವಾರ್‌ಬರ್ಗ್ ಮತ್ತು ವಾಲ್ಟರ್ ಕ್ರಿಸ್ಟಿಯಾನ್ ಯೀಸ್ಟಿನ ಹಳದಿ ಕಿಣ್ವವನ್ನು ಕ್ಷಾರದಲ್ಲಿ ಬೆಳಕಿಗೊಡ್ಡಿ ಅದರ ವರ್ಣದ್ರವ್ಯದ ತುಂಡೊಂದನ್ನು ಪಡೆದರು. ಮರುವರ್ಷ ಹೈಡಲ್‌ಬರ್ಗ್‌ನಲ್ಲಿ ರಿಚರ್ಡ್ ಕೂನ್ ಮತ್ತು ಸಂಗಡಿಗರು ಹಾಲೊಡಕಿನಿಂದಲೇ ಈ ವಿಟಮಿನ್ ಬೇರ್ಪಡಿಸಿ ಲ್ಯಾಕ್ಟೋಫ್ಲೇವಿನ್ ಎಂದು ಕರೆದರು. ಆಗಿನ್ನೂ ನಮ್ಮ ಪುಟ್ಟ ಪ್ಲೇಟ್ ಹುಟ್ಟಿರಲಿಲ್ಲ. 1938ರಲ್ಲಿ ಖಾರ್ಕಿವ್‌ನ ಇಜ್ಮೈಲೋವ್ ಮತ್ತು ಶ್ರೈಬರ್ ಗಾಜಿನ ಮೇಲೆ ಅಲ್ಯೂಮಿನಾ ಹರಡಿ ಪ್ರಯತ್ನಿಸಿದರು. ಎಲ್ಲ ಪ್ರಯೋಗಾಲಯಗಳಿಗೂ ಒಗ್ಗುವ ಹಾಗೆ ಅದನ್ನು ಹದಗೊಳಿಸಿದ್ದು 1950ರ ದಶಕದ ಕೊನೆಯಲ್ಲಿ ಎಗೋನ್ ಸ್ಟಾಲ್.

ಎಷ್ಟು ಮಿಲಿಗ್ರಾಂ ಇದೆ ಎಂದು ಕರಾರುವಾಕ್ಕಾಗಿ ಹೇಳಲು ಈ ಸಾದಾ ಪ್ಲೇಟ್ ಸಾಲದು. ಅದಕ್ಕೆ ಎಚ್‌ಪಿಎಲ್‌ಸಿ ಯಂತ್ರ ಬೇಕು. ಆದರೆ ಯಂತ್ರವಿಲ್ಲದ ಸಣ್ಣ ಕಾಲೇಜಿನ ಹುಡುಗರು ಔಷಧದೊಳಗೆ ಏನಿದೆ, ಅದು ಕೆಟ್ಟಿದೆಯೇ ಎಂಬುದನ್ನು ಕಣ್ಣಾರೆ ಕಾಣುವುದು ಇದರಿಂದಲೇ. ಕುದಿಸಿದರೆ ಅಷ್ಟಾಗಿ ಕೆಡದ ರೈಬೋಫ್ಲೇವಿನ್ ಬಿಸಿಲಿಗೆ ಬಾಗುತ್ತದೆ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರ ಮನಸ್ಸಿಗೂ ನಾಟದು. ಪಾರದರ್ಶಕ ಬಾಟಲಿಯ ಹಾಲನ್ನು ಬಿಸಿಲಲ್ಲಿಟ್ಟರೆ ಕೆಡುವುದೂ ಹೀಗೆಯೇ. ಜೊತೆಗೆ ವಿಟಮಿನ್ ಸಿ ಕೂಡ ಹೋಗುತ್ತದೆ, ರುಚಿಯೂ ಹೋಗುತ್ತದೆ.

ಆ ವರ್ಷದಿಂದ ಪ್ರತಿ ಹೊಸ ಬ್ಯಾಚಿನ ಮೊದಲ ಟಿಎಲ್‌ಸಿ ದಿನ ಬೆಳಿಗ್ಗೆ ಎರಡು ಫ್ಲಾಸ್ಕ್ ಇಡುತ್ತೇನೆ. ಒಂದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕಪಾಟಿನೊಳಗೆ, ಇನ್ನೊಂದು ಅದೇ ಕಿಟಕಿಯ ಪಕ್ಕ. ಮಧ್ಯಾಹ್ನ ಎರಡನ್ನೂ ಒಂದೇ ಪ್ಲೇಟಿನ ಮೇಲೆ ಹಾಕಿಸಿ, ಯುವಿ ಚೇಂಬರಿನ ಕಿಂಡಿಗೆ ಒಬ್ಬೊಬ್ಬರನ್ನೇ ಕರೆಯುತ್ತೇನೆ.